ಮಾತು ಅದ, ಮಾರಿ ಬ್ಯಾರೆ: ಓದುಗರ ಪತ್ರಕ್ಕ ಅಕ್ಕನ ಉತ್ತರ

ಹೋದ ಸಂಚಿಕಿಯೊಳಗ "ಮನಸಿನ್ಯಾಗಿನ ಮಾತು ಯಾರ ಮುಂದರೆ ಹೇಳ್ಕೊಂಡ್ರೇನು, ಹೇಳ್ಕೊಂಡ ಮ್ಯಾಲ ಏನಾತು" ಅಂತ ಕೇಳಿದ್ವಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಪತ್ರ ಬಂದಾವ, ವಾಟ್ಸಾಪ್ ಬಂದಾವ, ಬರಿಯಾಕ ಬ್ಯಾಸರಾಗಿ ವಾಯ್ಸ್ ನೋಟ್ ಕಳಿಸಿದವ್ರೂ ಅದಾರ. ಎಲ್ಲಾ ಓದ್ಕೋತ ಕುಂತಾಗ ನನಗ ಭಾಳ ಸಂಕಟ ಆಗಿದ್ದು ಒಂದ ವಿಷಯಕ್ಕ, ಅದ ದುಃಖ, ಅದ ಮಾತು, ಆದ್ರ ಹೇಳಿದವ್ರು ಗಂಡೋ ಹೆಣ್ಣೋ, ಬೆಳ್ಳಗದಾರೋ ಕಪ್ಪಗದಾರೋ ಅಂತ ನೋಡಿ ಮಂದಿ ಉತ್ತರ ಕೊಟ್ಟಾರ. ಐದು ಪತ್ರ ಆರಿಸೀನಿ. ಹೆಸರು, ಗುರುತು ಹತ್ತೂವಂಥಾ ವಿವರ ತಗದೀನಿ.

ಪ್ರಶ್ನೆ: ಅಕ್ಕಾರ, ನಾನು ಹಾವೇರಿ ಜಿಲ್ಲಾದಂವ, ವಯಸ್ಸು 28. ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಪಿಎಸ್‌ಐ, ಕೆಎಎಸ್ ಅಂತ ಓದ್ಕೋತ ಅದೀನಿ. ಹೋದ ಸಲದ ರಿಸಲ್ಟ್ ಬಂದಾಗಿಂದ ನಿದ್ದಿ ಬರೂದಿಲ್ಲ, ಊಟ ಸೇರೂದಿಲ್ಲ, ಮುಂಜಾನೆ ಎದ್ದ ಕೂಡ್ಲೆ ಎದಿ ಡವಡವ ಅಂತೈತಿ. ಒಂದಿನ ಚಾದಂಗಡ್ಯಾಗ ಗೆಳ್ಯಾರ ಮುಂದ ಹೇಳಿಬಿಟ್ಟೆ, ಹೇಳ್ತಾ ಹೇಳ್ತಾ ಕಣ್ಣಾಗ ನೀರು ಬಂತು. ಒಬ್ಬಂವ "ಏನಲೇ ಹುಡುಗ್ಯಾರಗತೆ" ಅಂದ, ಇನ್ನೊಬ್ಬಂವ ಸುಮ್ನ ಮೊಬೈಲ್ ತಗದ. ಮರುದಿನ ಗ್ರೂಪಿನ್ಯಾಗ ನನ್ನ ಹೆಸರಿಗೆ ಅಳೂ ಸ್ಟಿಕರ್ ಬಂತು. ಅದ ವಾರ ನಮ್ಮ ಲೈಬ್ರರಿಯೊಳಗ ಒಬ್ಬಾಕಿ ಇದ ಕಾರಣಕ್ಕ ಅತ್ತಾಗ ಇದ ಹುಡುಗ್ರು ನೀರಿನ ಬಾಟ್ಲಿ ಕೊಟ್ಟು, ನೋಟ್ಸ್ ಕೊಟ್ಟು, ಹಾಸ್ಟೆಲ್ ಗೇಟಿನ ತನಾ ಬಿಟ್ಟ ಬಂದ್ರು. ಆಕಿ ನೋಡಾಕ ಚಂದ ಅದಾಳ ಅನ್ರಿ. ಹೆಣ್ಣಮಕ್ಕಳಿಗೆ ಅತ್ರೂ ಲಾಭ ಅನ್ನಿಸಿ ಸಿಟ್ಟು ಬರ್ತೈತಿ. ಗಂಡಸಾದಂವ ಯಾರ ಮುಂದ ಹೇಳ್ಬೇಕ್ರಿ?
(ಹೆಸರು ಬ್ಯಾಡ, ಧಾರವಾಡ)

ಉತ್ತರ: ತಮ್ಮಾ, ಉಳಿದ ಮಾತು ಆಮ್ಯಾಲ, ಮೊದಲ ನಿನ್ನ ತಬೇತ್ ನೋಡೂಣು. ನಿದ್ದಿ ಇಲ್ಲ, ಊಟ ಇಲ್ಲ, ಎದಿ ಡವಡವ, ಇದು ಎರಡ ವಾರ ಮೀರಿ ನಡದೈತಿ ಅಂದ್ರ ಡಾಕ್ಟರಿಗೆ ತೋರಿಸೂ ವಿಷಯ. ನೀ ಇರೂದ ಧಾರವಾಡದಾಗ, ಡಿಮ್ಹಾನ್ಸ್ ಅಂತ ಮನಸಿನ ತಬೇತ್ ನೋಡೂ ಸರ್ಕಾರಿ ದವಾಖಾನಿ ಊರಾಗ ಐತಿ, ಚೀಟಿ ಮಾಡಿಸಿ ಒಪಿಡಿಯೊಳಗ ಕುಂತ್ರ ಆತು. ಅಲ್ಲಿ ಯಾರರೆ ಗುರುತಿನವ್ರು ನೋಡಿದ್ರ ಅಂತ ಅಂಜಿಕಿ ಇದ್ರ 14416ಕ್ಕ ಫೋನ್ ಹಚ್ಚು. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ಕ್ಕ ಚಾಲೂ ಆಗೇತಿ, ರೊಕ್ಕ ಕೊಡಬೇಕಿಲ್ಲ, 24 ತಾಸೂ ಇರ್ತೈತಿ, ಕನ್ನಡದಾಗ ಮಾತಾಡ್ತಾರ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿನ್ನ ಚಿಕಿತ್ಸೆ ವಿಷಯ ಗುಟ್ಟಾಗಿ ಇಡೂದು ಅವ್ರ ಜವಾಬ್ದಾರಿ, ಊರಿಗೆ ಗೊತ್ತಾದೀತು ಅಂತ ರೂಮಿನ ಬಾಗಿಲಾ ಹಾಕ್ಕೊಂಡ ಕುಂದ್ರಬ್ಯಾಡ.

ಈಗ ಚಾದಂಗಡಿ ವಿಷಯಕ್ಕ ಬರ್ತೀನಿ. 1976ರಾಗ ಅಮೆರಿಕಾದ ವ್ಯಾಲೆರಿಯನ್ ಡೆರ್ಲೆಗಾ, ಅಲನ್ ಚೈಕಿನ್ ಅನ್ನೂ ಇಬ್ರು ಮನಶಾಸ್ತ್ರಜ್ಞರು ಇದನ್ನ ಪರೀಕ್ಷೆ ಮಾಡಿ ನೋಡ್ಯಾರ. ಒಬ್ರು ತಮ್ಮ ಸ್ವಂತ ಕಷ್ಟ ಹೇಳ್ಕೊಂಡ್ರು ಅಂತ ಒಂದ ಕಥಿ, ಹೇಳ್ಕೊಳ್ಳಲಿಲ್ಲ ಅಂತ ಇನ್ನೊಂದ ಕಥಿ, ಕಥಿಯೊಳಗಿನವ್ರು ಕೆಲವ್ರಿಗೆ ಗಂಡಸು, ಕೆಲವ್ರಿಗೆ ಹೆಂಗಸು. ಮಂದಿ ಏನ್ ತೀರ್ಪು ಕೊಟ್ರು ಗೊತ್ತೇನು, ಗಂಡಸು ಬಾಯಿ ಮುಚ್ಕೊಂಡ ಇದ್ರ ಅವನ ಮನಸು ಗಟ್ಟಿ, ಹೇಳ್ಕೊಂಡ್ರ ಅವನ ಮನಸು ನೆಟ್ಟಗಿಲ್ಲ. ಹೆಂಗಸು ಹೇಳ್ಕೊಂಡ್ರ ಆಕಿ ಸರಿ ಅದಾಳ, ಸುಮ್ನಿದ್ರ ಆಕೀಗೆ ಏನೋ ಆಗೇತಿ. ಮರು ವರ್ಷ ಕಾನ್‌ಸ್ಟನ್ಸ್ ಹ್ಯಾಮನ್, ಸ್ಟೆಫನಿ ಪೀಟರ್ಸ್ ಖಿನ್ನತೆ ವಿಷಯದಾಗ ನೋಡಿದ್ರ ಅಲ್ಲೂ ಹಂಗ, ಖಿನ್ನತೆ ಇದ್ದ ಗಂಡಸನ್ನ ಮಂದಿ ಹೆಂಗಸಿಗಿಂತ ಜಾಸ್ತಿ ದೂರ ಇಟ್ರು. ನಿನ್ನ ಗೆಳ್ಯಾರು ನಕ್ಕಿದ್ದು ನಿನ್ನ ದುಃಖ ಸಣ್ಣದಿತ್ತು ಅಂತ ಅಲ್ಲ, ಗಂಡಸು ಅಳಬಾರದು ಅನ್ನೂ ಮಾತು ಅವ್ರ ಕಿವ್ಯಾಗ ಹುಟ್ಟಿದಾಗಿಂದ ಕುಂತೈತಿ, ನಿನ್ನ ಮಾತು ಒಳಗ ಹೋಗಾಕ ಜಾಗಾನ ಇದ್ದಿಲ್ಲ.

ಇದರ ಸಲುವಾಗಿ ನನಗ ಜೀವ ಚುರ್ ಅಂತೈತಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯೊಳಗ ನಮ್ಮ ದೇಶದಾಗ 1,70,924 ಮಂದಿ ಆತ್ಮಹತ್ಯೆ ಮಾಡ್ಕೊಂಡಾರ, ನೂರರಾಗ ಸುಮಾರು 72 ಮಂದಿ ಗಂಡಸ್ರು. ಸಾಲ, ಕುಡಿತ, ಮನಿ ಜಗಳ, ರೋಗ, ಕಾರಣ ಹತ್ತಾರು ಇರ್ತಾವ, ಆದ್ರ ಹೇಳ್ಕೊಳ್ಳಾಕ ಒಬ್ರೂ ಇಲ್ಲದ್ದು ಅದರಾಗ ಒಂದು ಅಂತ ನಾ ಗಟ್ಟಿಯಾಗಿ ನಂಬೀನಿ.

ಆದ್ರ ಆ ಹುಡುಗಿ ಮ್ಯಾಲ ಸಿಟ್ಟು ಮಾಡ್ಕೊಬ್ಯಾಡ ತಮ್ಮಾ. ಆಕಿಗೆ ಸಿಕ್ಕಿದ್ದು ಬರೇ ಕರುಣೆ ಅಂತ ನಿನಗ ಹೆಂಗ ಗೊತ್ತು? ಆ ಲೈಬ್ರರ್ಯಾಗ ಇನ್ನೊಬ್ಬಾಕಿ, ಆಕಿಯಷ್ಟ ಚಂದ ಇಲ್ಲದಾಕಿ ಅತ್ತಿದ್ರ ಎಷ್ಟ ಮಂದಿ ನೋಟ್ಸ್ ಹಿಡ್ಕೊಂಡ ಓಡ್ತಿದ್ರು, ನೀನ ಹೇಳು. ಗೇಟಿನ ತನಾ ಬಿಟ್ಟ ಬಂದವ್ರು ರಾತ್ರಿ ಆಕಿಗೆ ಎಷ್ಟ ಮೆಸೇಜ್ ಹಾಕ್ಯಾರ ಅನ್ನೂದೂ ನಿನಗ ಗೊತ್ತಿಲ್ಲ. ಕೆಳಗಿನ ಎರಡೂ ಪತ್ರ ಓದು, ಆಕಿ ಗೆದ್ಲು ನೀ ಸೋತಿ ಅನ್ನೂ ಲೆಕ್ಕ ಅಲ್ಲ ಇದು.

ಯಾರ ಮುಂದ ಹೇಳ್ಬೇಕು ಅಂತ ಕೇಳಿದಿ. ಗುಂಪಿನ ಮುಂದ ಬ್ಯಾಡ. ಗುಂಪಿನ್ಯಾಗ ಗಂಡಹುಡುಗ್ರು ಹೇಳಾಂವನ್ನ ನೋಡೂದಿಲ್ಲ, ಒಬ್ರನ್ನೊಬ್ರು ನೋಡ್ತಾರ, ಮೊದಲ ಯಾವ ನಗ್ತಾನ ಅಂತ. ಮೊಬೈಲ್ ತಗದಾಂವ ಐದಾನಲ್ಲ, ಅಂವಗ ಮಾರಿ ಎಲ್ಲಿಡಬೇಕು ತಿಳಿದಿರ್ಲಿಕ್ಕಿಲ್ಲ, ಅವನ್ನ ಒಬ್ಬನ್ನ ಕರಕೊಂಡ ಕೆಲಗೇರಿ ಕೆರಿ ಕಡೆ ಅಡ್ಡಾಡಾಕ ಹೋಗು. ಮೊದಲ ಹೇಳಿಬಿಡು, "ದೋಸ್ತ, ಉಪಾಯ ಏನೂ ಬ್ಯಾಡ, ಹತ್ತ ನಿಮಿಷ ನಾ ಹೇಳೂದ ಕೇಳು ಸಾಕು" ಅಂತ. ಭಾಳ ಮಂದಿ ಗಂಡಸ್ರು ಓಡಿ ಹೋಗೂದು ದುಃಖಕ್ಕ ಅಂಜಿ ಅಲ್ಲ, ಉಪಾಯ ಹೇಳ್ಬೇಕಾಗ್ತೈತಿ, ತಮ್ಮ ಕಡೆ ಅದು ಇಲ್ಲ ಅಂತ. ಒಬ್ರೂ ಸಿಗದ ದಿನ ನೋಟ್‌ಬುಕ್ಕಿನ್ಯಾಗ ಬರಿ. 1986ರಾಗ ಜೇಮ್ಸ್ ಪೆನ್ನಬೇಕರ್, ಸಾಂಡ್ರಾ ಬೀಲ್ ಕಾಲೇಜು ಹುಡುಗ್ರ ಕಡೆಯಿಂದ ದಿನಕ್ಕ 15 ನಿಮಿಷದಂಗ ನಾಕ್ ದಿನ ತಮ್ಮ ಭಾಳ ನೋವಿನ ವಿಷಯ ಬರಿಸಿದ್ರು, ಏನಾತು ಅನ್ನೂದರ ಜೋಡಿ ಹೆಂಗ ಅನ್ನಿಸ್ತು ಅನ್ನೂದೂ ಬರದವ್ರು ಮುಂದಿನ ತಿಂಗಳುಗಳಾಗ ದವಾಖಾನಿಗೆ ಹೋಗೂದು ಕಡಿಮಿ ಆತು. ಡಾಕ್ಟರ್ ಬದಲಿ ಇದು ಅಲ್ಲ, ಡಾಕ್ಟರ್ ಜೋಡಿ ಇದು.

ಪ್ರಶ್ನೆ: ಅಕ್ಕಾ, ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದ ಕಂಪನ್ಯಾಗ ಕೆಲಸ ಮಾಡ್ತೀನಿ, ವಯಸ್ಸು 26. ನೋಡಾಕ ಚಂದ ಅದೀ ಅಂತ ಸಣ್ಣಾಕಿ ಇದ್ದಾಗಿಂದ ಕೇಳ್ಕೋತ ಬಂದೀನಿ. ಮನ್ಯಾಗ ಅಪ್ಪ ಕುಡಿತಾನ, ತಮ್ಮನ ಫೀಸು ನಾನ ಕಟ್ಟೂದು. ಒಂದಿನ ಹೊಸೂರದಾಗ ಚಿಗರಿ ಬಸ್ ಹತ್ತಿ ಧಾರವಾಡಕ್ಕ ಬರೂ ಮುಂದ ತಡಕೊಳ್ಳಾಕ ಆಗ್ಲಾರದ ಟೀಮಿನ ಒಬ್ರ ಮುಂದ ಎಲ್ಲಾ ಹೇಳಿದೆ. ಅವತ್ತ ರಾತ್ರಿಯಿಂದ "ಊಟ ಆತೇನು", "ನಾ ಅದೀನಿ ನಿನಗ", ಆಮ್ಯಾಲ ಹಾಡು, ಹಾರ್ಟು. ನಾ ರಿಪ್ಲೈ ಕಡಿಮಿ ಮಾಡಿದ ಮ್ಯಾಲ "ತಾನ ಬಂದು ಎಲ್ಲಾ ಹೇಳ್ಕೊಂಡ್ಳು, ಈಗ ಭಾವ್ ತಿಂತಾಳ" ಅಂತ ಆಫೀಸಿನ್ಯಾಗ ಹೇಳ್ಕೋತ ಅಡ್ಡಾಡಾಕ ಹತ್ಯಾನ. ಗೆಳತ್ಯಾರಿಗೆ ಹೇಳಿದ್ರ "ನಿನಗೇನ ಕಡಿಮಿ ಆಗೇತಿ, ಈ ರೂಪಕ್ಕ ಎಂಥಾ ವರಾನೂ ಸಿಗ್ತಾನ, ಮನಿ ಬಿಟ್ಟ ಹೋಗ್ತೀ ಬಿಡು" ಅಂದ್ರು. ನಾ ಹೇಳಿದ್ದ ತಪ್ಪಾತೇನು?
(ಓದುಗಿ, ಹುಬ್ಬಳ್ಳಿ)

ಉತ್ತರ: ತಂಗಿ, ಹೇಳಿದ್ದು ತಪ್ಪಲ್ಲ. ಕುಡಿಯೂ ಅಪ್ಪನ ಮನ್ಯಾಗ ಇದ್ದು, ದುಡದು, ತಮ್ಮನ್ನ ಓದಿಸಾಕಿ ಒಂದಿನ ಬಸ್ಸಿನ್ಯಾಗ ಬಾಯಿ ಬಿಟ್ರ ಅದು ಯಾವ ಲೆಕ್ಕದಾಗೂ ತಪ್ಪಲ್ಲ. ಕೇಳಿದಂವ ಅದನ್ನ ಏನಂತ ತಿಳ್ಕೊಂಡ ಅನ್ನೂದು ಅವನ ತಲಿ ವಿಷಯ.

ಹೆಣ್ಣು ನಕ್ಕು ಮಾತಾಡಿದ್ರ, ಮನಸು ಬಿಚ್ಚಿ ಮಾತಾಡಿದ್ರ ಅದನ್ನ ಬ್ಯಾರೆ ಅರ್ಥ ಮಾಡ್ಕೊಳ್ಳೂದು ನಿನ್ನ ಆಫೀಸಿನ್ಯಾಗಷ್ಟ ಇಲ್ಲ. 1982ರಾಗ ಆಂಟೋನಿಯಾ ಆ್ಯಬಿ ಅನ್ನೂ ಸಂಶೋಧಕಿ ಒಬ್ಬ ಹುಡುಗ, ಒಬ್ಬಾಕಿ ಹುಡುಗಿ ಐದ ನಿಮಿಷ ಮಾತಾಡೂದನ್ನ ಇನ್ನೊಬ್ಬ ಹುಡುಗ, ಇನ್ನೊಬ್ಬಾಕಿ ಹುಡುಗಿ ಮರಿಯಿಂದ ನೋಡೂ ಹಂಗ ಮಾಡಿದ್ಳು. ಅದ ಮಾತು, ಅದ ಐದ ನಿಮಿಷ. ಗಂಡಸ್ರ ಕಣ್ಣಿಗೆ ಆ ಹುಡುಗಿ ತನ್ನನ್ನ ಸೆಳಿಯಾಕ ನೋಡ್ತಾಳ ಅಂತ ಕಂಡಿದ್ದು ಹೆಣ್ಣಮಕ್ಕಳ ಕಣ್ಣಿಗಿಂತ ಜಾಸ್ತಿ. ಅದರ ಮ್ಯಾಲ ನೀ ಚಂದ ಬ್ಯಾರೆ ಅದಿ. ಚಂದ ಇದ್ದಾಕಿ ಸೀದಾ ನನ್ನ ಮುಂದ ಬಂದು ಅಪ್ಪ ಕುಡಿಯೂದು ಹೇಳ್ತಾಳಂದ್ರ ಇದು ನನಗಷ್ಟ ಕೊಟ್ಟ ಸಲಿಗಿ ಅಂತ ಅಂವ ಲೆಕ್ಕ ಹಾಕ್ಯಾನ. ನೀ ಅವತ್ತ ಕೊಟ್ಟಿದ್ದು ವಿಶ್ವಾಸ, ಅಂವ ತಗೊಂಡಿದ್ದು ಅಧಿಕಾರ. ಈಗ "ತಾನ ಬಂದು ಹೇಳಿದ್ಳು" ಅಂತ ಊರಿಗೆ ಸಾರೂದಂತೂ ನಂಬಿದವ್ರ ಬೆನ್ನಿಗೆ ಚೂರಿ ಹಾಕೂ ಕೆಲಸ, ಇದಕ್ಕ ನಾ ಮೆತ್ತಗ ಮಾತಾಡೂದಿಲ್ಲ.

ಗೆಳತ್ಯಾರ ಮಾತೂ ಬ್ಯಾನಿ ಆಗಿರ್ತೈತಿ. ಅವ್ರು ಸಮಾಧಾನ ಮಾಡಾಕನ ಅಂದಿದ್ದು, ಆದ್ರ ನಿನ್ನ ಅಪ್ಪನ ವಿಷಯ ಎಲ್ಲಿ ಹೋತು? 1920ರಾಗ ಎಡ್ವರ್ಡ್ ಥಾರ್ನ್‌ಡೈಕ್ ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವ್ರಿಗೆ ಕೊಟ್ಟ ಮಾರ್ಕ್ಸ್ ನೋಡ್ಯಾನ, ಮೈಕಟ್ಟು ಛಲೋ ಇದ್ದಂವಗ ಬುದ್ಧಿ, ನಡತೆ, ನಾಯಕತ್ವ ಎಲ್ಲಾದರಾಗೂ ಛಲೋ ಮಾರ್ಕ್ಸು ಬಿದ್ದಾವ. 1972ರಾಗ ಕ್ಯಾರೆನ್ ಡಯಾನ್, ಎಲೆನ್ ಬರ್ಶೈಡ್, ಎಲೈನ್ ವಾಲ್‌ಸ್ಟರ್ ಬರೇ ಫೋಟೋ ತೋರಿಸಿ ಕೇಳಿದ್ರ, ಚಂದ ಇದ್ದವ್ರ ಸ್ವಭಾವ ಛಲೋ, ನೌಕರಿ ಛಲೋ, ಸಂಸಾರ ಛಲೋ ಇರ್ತೈತಿ ಅಂತ ಮಂದಿ ಹೇಳ್ಯಾರ. ಚಂದ ಇದ್ದವ್ರ ಬಾಳೇನೂ ಚಂದ ಅಂತ ಮೊದಲ ತೀರ್ಮಾನ ಮಾಡಿ ಕುಂತವ್ರಿಗೆ ನಿನ್ನ ಕಷ್ಟ ಹೆಂಗ ಕೇಳಸಬೇಕು ಹೇಳು. ಇನ್ನೊಂದು ನನಗ ಭಾಳ ಹಿಡಿಸಿದ ಪ್ರಯೋಗ ಐತಿ. 1977ರಾಗ ಮಾರ್ಕ್ ಸ್ನೈಡರ್ ಮತ್ತ ಅವನ ಜೊತಿಗಾರರು ಗಂಡಹುಡುಗ್ರ ಕೈಯಾಗ ಒಂದ ಹುಡುಗಿ ಫೋಟೋ ಕೊಟ್ಟು ಫೋನಿನ್ಯಾಗ ಮಾತಾಡಸಿದ್ರು. ಫೋಟೋ ಆಕೀದು ಅಲ್ಲ, ಬ್ಯಾರೆ ಯಾರದೋ, ಕೆಲವ್ರಿಗೆ ಚಂದ ಇದ್ದಾಕೀದು, ಕೆಲವ್ರಿಗೆ ಇಲ್ಲದಾಕೀದು. ಚಂದ ಫೋಟೋ ಸಿಕ್ಕವ್ರು ಹುರುಪಿನಿಂದ, ಪ್ರೀತಿಯಿಂದ ಮಾತಾಡಿದ್ರು, ಆ ಕಡೆ ಫೋನಿನ್ಯಾಗಿನ ಹುಡುಗಿಗೆ ಫೋಟೋದ್ದು ಏನೂ ಗೊತ್ತಿಲ್ಲ, ಆದ್ರೂ ಆಕೀನೂ ಹಂಗ ಅರಳಿ ಮಾತಾಡಾಕ ಹತ್ತಿದ್ಳು. ಅಂದ್ರ ಕೇಳಾವ್ರು ಹೆಂಗ ಕೇಳ್ತಾರೋ ಹೇಳಾವ್ರು ಹಂಗ ಆಗ್ತಾರ. "ನಿನಗೇನ ಕಡಿಮಿ" ಅಂದವ್ರ ಮುಂದ ನೀನೂ ಸಣ್ಣಗ ನಕ್ಕು ಸುಮ್ನಾಗಿರ್ತೀ, ಅವ್ರು ನೋಡ್ರಿ ಸಮಾಧಾನ ಆತು ಅಂದ್ಕೊಂಡಿರ್ತಾರ.

ಮಾಡೂದು ಏನಂದ್ರ, ಅಂವಗ ಒಂದ ಸಲ ಸಾಫ್ ಬರದ ಹಾಕು, "ನಾ ಸಹೋದ್ಯೋಗಿ ಅಂತ ಹೇಳಿದ್ದು, ಇಂಥಾ ಮೆಸೇಜ್ ನನಗ ಬ್ಯಾಡ, ನನ್ನ ಮನಿ ವಿಷಯ ಯಾರ ಮುಂದೂ ಆಡಬ್ಯಾಡ್ರಿ" ಅಂತ. ಸ್ಮೈಲಿ ಹಾಕಬ್ಯಾಡ, ಸಾರಿ ಅನ್ನಬ್ಯಾಡ. ಹಳೇ ಚಾಟ್ ಯಾವುದೂ ಡಿಲೀಟ್ ಮಾಡಬ್ಯಾಡ. ಆಮ್ಯಾಲೂ ನಡದ್ರ 2013ರ ಕಾಯ್ದೆ ಪ್ರಕಾರ ಹತ್ತ ಮಂದಿ ಇಲ್ಲಾ ಜಾಸ್ತಿ ಕೆಲಸಗಾರರಿದ್ದ ಎಲ್ಲಾ ಕಡೆ ಲೈಂಗಿಕ ಕಿರುಕುಳದ ಆಂತರಿಕ ಸಮಿತಿ ಇರಬೇಕು, ಕಡೀ ಘಟನೆ ಆಗಿ ಮೂರ ತಿಂಗಳೊಳಗ ಅಲ್ಲಿ ಬರದ ಕೊಡು, ದೂರು ಕೊಟ್ಟಾಕಿ ಹೆಸರು ಹೊರಗ ಹಾಕೂದು ಆ ಕಾಯ್ದ್ಯಾಗ ನಿಷೇಧ ಐತಿ. ಗೆಳತ್ಯಾರೊಳಗ ಒಬ್ಬಾಕಿನ್ನ ಆರಿಸ್ಕೊಂಡು "ರೂಪದ ಮಾತು ಬಿಡು, ನಮ್ಮ ಅಪ್ಪನ ವಿಷಯ ಕೇಳು" ಅಂತ ನೇರ ಕೇಳು, ಹಂಗ ಕೇಳಿದ ಮ್ಯಾಲ ಭಾಳ ಮಂದಿ ಎಚ್ಚರ ಆಗ್ತಾರ. ಕುಡಿತ ಬಿಡಿಸೂ ಚಿಕಿತ್ಸಾನೂ ಡಿಮ್ಹಾನ್ಸ್‌ನ್ಯಾಗ ಐತಿ, ಅಪ್ಪ ಬರಲಿಕ್ರ ನೀ ಒಬ್ಬಾಕಿ ಹೋಗಿ ಮೊದಲ ಮಾತಾಡ್ಕೊಂಡ ಬಾ.

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನನ್ನ ವಯಸ್ಸು 37, ಗದಗ-ಬೆಟಗೇರಿ, ಸೀರಿ ಅಂಗಡ್ಯಾಗ ಕೆಲಸ. ಮಾರಿ ಮ್ಯಾಲ, ಕೈ ಮ್ಯಾಲ ತೊನ್ನು ಐತಿ, ದಪ್ಪಗೂ ಅದೀನಿ, ಲಗ್ನ ಆಗಿಲ್ಲ. ಒಂದ ಮದವಿ ಮನ್ಯಾಗ ಅಡಗಿ ಸಾಮಾನು ಇಟ್ಟ ಕೋಲ್ಯಾಗ ನಮ್ಮ ಸಂಬಂಧಿಕ ಒಬ್ಬಂವ ಹಿಂದಿನಿಂದ ಬಂದು ಹಿಡ್ಕೊಂಡ. ಕೊಸರಿಕೊಂಡ ಬಂದೆ. ಮನಿಗೆ ಬಂದು ವೈನಿಗೆ ಹೇಳಿದೆ. ಆಕಿ ಮೆಂತ್ಯಾ ಸೋಸಾಕತ್ತಿದ್ಳು, ಕೈ ನಿಂದ್ರಿಸಲಿಲ್ಲ, "ನಿನ್ನ ಯಾಕ ಹಿಡಿತಾನವ್ವಾ ಅಂವ, ಅಷ್ಟ ಚಂದ ಹೇಣ್ತಿ ಅದಾಳ ಅವಂಗ" ಅಂದ್ಳು. ಅವ್ವ ಅಂತೂ "ಇರ್ಲಿ ಬಿಡು, ಎಲ್ಲರ ಮುಂದ ಹೇಳಿ ನಗಿಗೇಡಾಗಬ್ಯಾಡ" ಅಂದ್ಳು. ಅವತ್ತಿಂದ ನನಗ ಆಗಿದ್ದ ಖರೇನೋ ಸುಳ್ಳೋ ಅಂತ ನನಗ ಸಂಶಯ ಬರಾಕ ಹತ್ತೇತಿ.
(ಹೆಸರು ಹಾಕಬ್ಯಾಡ್ರಿ, ಬೆಟಗೇರಿ)

ಉತ್ತರ: ನನ್ನವ್ವಾ, ಖರೇ ಆಗೇತಿ. ನೀ ಕೋಲಿ ಯಾವುದು, ಯಾವ ಕಡೆಯಿಂದ ಬಂದ, ನೀ ಹೆಂಗ ಕೊಸರಿಕೊಂಡಿ ಅನ್ನೂದನ್ನೆಲ್ಲಾ ಬರದೀ, ನಾ ನಂಬೀನಿ.

ನಿನ್ನ ಪತ್ರ ಓದಿದಾಗಿಂದ ಆ ಮೆಂತ್ಯಾ ಸೋಸೂ ಕೈ ನನ್ನ ಕಣ್ಣಮುಂದಿಂದ ಹೋಗವಲ್ದು. ವೈನಿ ಬೈದಿದ್ರ, ಅಂಜಿದ್ರ, "ಯಾವಾಗ, ಎಲ್ಲೆ" ಅಂತ ಕೇಳಿದ್ರ ಅದೂ ಒಂದ ಉತ್ತರ. ಕೈ ನಿಂದ್ರಿಸಲಿಲ್ಲ ಅಂದ್ರ ನೀ ಹೇಳಿದ್ದು ಆಕಿಗೆ ಸುದ್ದಿ ಅಂತನ ಅನ್ನಿಸಿಲ್ಲ. ಇದ ಮಾತನ್ನ ನಿಮ್ಮ ಮನಿ ಬೆಳ್ಳಗಿನ, ತೆಳ್ಳಗಿನ, ಹದಿನೆಂಟು ವರ್ಷದ ಹುಡುಗಿ ಬಂದು ಹೇಳಿದ್ರ ಮೆಂತ್ಯಾ ಅಲ್ಲೇ ಬಿಟ್ಟು ಎದ್ದು, ಬಾಗಿಲಾ ಹಾಕಿ, ಗಂಡನ್ನ ಕರದು ಎಷ್ಟೋ ಗದ್ದಲ ಆಗಿರ್ತಿತ್ತು. ಆ ಹುಡುಗಿಗೆ "ನೀನ ಏನರೆ ಮಾಡಿರಬೇಕು" ಅನ್ನೂ ಮಾತೂ ಬರ್ತಿತ್ತು, ಅದು ಬ್ಯಾರೆ ಥರದ ಕ್ರೂರತನ, ಚಂದ ಇದ್ದಾಕಿಗೆ "ನೀನ ಕರದಿ" ಅಂತಾರ, ಚಂದ ಇಲ್ಲ ಅನ್ನಿಸಿದಾಕಿಗೆ "ನಿನ್ನ ಯಾರ ಕರದಾರು" ಅಂತಾರ, ಎರಡರಾಗೂ ಕೈ ಹಾಕಿದಂವನ ಸುದ್ದಿ ಬರೂದ ಇಲ್ಲ.

ಇದರ ಬಗ್ಗೆನೂ ದೊಡ್ಡ ಅಭ್ಯಾಸ ಆಗೇತಿ. 2021ರಾಗ ಜಿನ್ ಗೋ, ಚೆರಿಲ್ ಕೈಸರ್ ಮತ್ತ ಅವ್ರ ಜೊತಿಗಾರರು ಅಮೆರಿಕಾದಾಗ 11 ಪ್ರಯೋಗ ಮಾಡಿ, ನಾಕ್ ಸಾವಿರಕ್ಕಿಂತ ಜಾಸ್ತಿ ಮಂದೀನ್ನ ಕೇಳಿ ಒಂದ ವರದಿ ಹೊರಗ ತಂದಾರ. ಕಿರುಕುಳಕ್ಕ ಒಳಗಾದಾಕಿ ಅಂದ ಕೂಡ್ಲೆ ಮಂದಿ ತಲ್ಯಾಗ ಒಂದ ಚಿತ್ರ ಬರ್ತೈತಿ, ವಯಸ್ಸಿನಾಕಿ, ಚಂದ ಇದ್ದಾಕಿ, ನಡೆನುಡಿಯೊಳಗ ಭಾಳ ಹೆಣ್ಣತನ ಇದ್ದಾಕಿ. ಆ ಚಿತ್ರಕ್ಕ ಹೊಂದದಾಕಿ ಅದ ಮಾತು ಹೇಳಿದ್ರ ಆಕಿನ್ನ ಕಡಿಮಿ ನಂಬತಾರ, ಆಕಿಗೆ ಆದ ಬ್ಯಾನೀನೂ ಕಡಿಮಿ ಅಂದ್ಕೋತಾರ, ಮಾಡಿದಂವಗ ಶಿಕ್ಷೆನೂ ಕಡಿಮಿ ಸಾಕು ಅಂತಾರ. ವೈನಿ ತಲ್ಯಾಗ ಇದ್ದಿದ್ದು ಅದ ಚಿತ್ರ. ಇನ್ನ ನಾ ನೋಡಿದ್ದು, ಕೇಳಿದ್ದು ಹೇಳ್ಬೇಕಂದ್ರ, ಇಂಥಾವ್ರು ರೂಪಕ್ಕ ಮರುಳಾಗಿ ಕೈ ಹಾಕೂದಿಲ್ಲ. ಯಾರು ಹೇಳಿದ್ರ ಮನ್ಯಾಗ ಯಾರೂ ನಂಬೂದಿಲ್ಲ ಅಂತ ಅವ್ರಿಗೆ ಬರೊಬ್ಬರಿ ಗೊತ್ತಿರ್ತೈತಿ, ಆ ಕೋಲಿಗೆ ಅಂವ ನಿನ್ನ ಹಿಂದನ ಯಾಕ ಬಂದ ಅನ್ನೂದಕ್ಕ ನನ್ನ ಉತ್ತರ ಇದು.

ಕಾಯ್ದೆ ನಿನ್ನ ಮಾರಿ ನೋಡೂದಿಲ್ಲ. 2024ರ ಜುಲೈ 1ರಿಂದ ಚಾಲೂ ಆದ ಭಾರತೀಯ ನ್ಯಾಯ ಸಂಹಿತೆಯೊಳಗ 74ನೇ ಕಲಂ ಐತಿ, ಹೆಣ್ಣಿನ ಮಾನಕ್ಕ ಧಕ್ಕಿ ತರೂ ಉದ್ದೇಶದಿಂದ ಮೈಮ್ಯಾಲ ಕೈ ಮಾಡೂದು, ಅದಕ್ಕ ಒಂದರಿಂದ ಐದ ವರ್ಷದ ತನಾ ಶಿಕ್ಷೆ ಐತಿ. ಇಂಥಾ ದೂರು ಹೆಣ್ಣ ಪೊಲೀಸ್ ಅಧಿಕಾರಿನ ಬರಕೊಳ್ಳಬೇಕು. ಠಾಣೆಗೆ ಹೋಗೂದೋ ಬಿಡೂದೋ ನಿನ್ನ ಇಷ್ಟ, ನಾ ಒತ್ತಾಯ ಮಾಡೂದಿಲ್ಲ, ಆದ್ರ ಬಾಗಿಲಾ ಐತಿ ಅನ್ನೂದು ನಿನಗ ಗೊತ್ತಿರಬೇಕು. 181 ಮಹಿಳಾ ಸಹಾಯವಾಣಿಗೆ ಹಚ್ಚಿ ಮೊದಲ ಬರೇ ಕೇಳಿ ತಿಳ್ಕೊಬಹುದು. ಇವತ್ತ ಒಂದ ಹಾಳ್ಯಾಗ ತಾರೀಖು, ಜಾಗಾ, ಏನಾತು, ಯಾರಿಗೆ ಯಾವಾಗ ಹೇಳಿದಿ ಅಂತ ಬರದ ಸಹಿ ಮಾಡಿ ಇಡು, ಸಂಶಯ ಬಂದಾಗ ನೀನ ತಗದ ಓದಾಕೂ ಆತು.

ಮತ್ತ ಇನ್ನೊಬ್ರಿಗೆ ಹೇಳು. ಮನ್ಯಾಗ ಯಾರು ದೊಡ್ಡವ್ರು ಅಂತ ನೋಡಬ್ಯಾಡ, ನೀ ಮಾತು ಶುರು ಮಾಡಿದಾಗ ಕೈಯಾಗಿನ ಕೆಲಸ ಬಿಟ್ಟ ನಿನ್ನ ಕಡೆ ತಿರುಗೂವ್ರು ಯಾರು ಅಂತ ನೋಡು, ಅಂಗಡ್ಯಾಗ ಜೋಡಿ ಕೆಲಸ ಮಾಡಾಕಿ ಇದ್ರೂ ಇರಬಹುದು. ತೊನ್ನು ಅಂಟೂ ರೋಗ ಅಲ್ಲ, ಮೈಯೊಳಗಿನ ರಕ್ಷಣಾ ವ್ಯವಸ್ಥೆ ತಾನ ಬಣ್ಣದ ಕಣಗಳ ಮ್ಯಾಲ ಬೀಳೂದರಿಂದ ಆಗೂದು, ಅದಕ್ಕೂ ನಿನ್ನ ಮಾತು ಖರೇ ಅನ್ನೂದಕ್ಕೂ ಏನೂ ಸಂಬಂಧ ಇಲ್ಲ.

ಪ್ರಶ್ನೆ: ನಮ್ಮದು ಬ್ಯಾಡಗಿ ಕಡೆ. ಮಗಳ್ನ ನೋಡಾಕ ಬಂದಿದ್ರು, ಹುಡುಗ-ಹುಡುಗಿ ಮಾತಾಡ್ಕೋಳ್ರಿ ಅಂತ ಬಿಟ್ಟಾಗ ಅಂವ ತನಗ ಶುಗರ್ ಐತಿ, ಗುಳಿಗಿ ತಗೋತೀನಿ ಅಂದ, ಇಕಿ ತನಗ ಥೈರಾಯ್ಡ್ ಐತಿ, ಗುಳಿಗಿ ತಗೋತೀನಿ ಅಂದ್ಳು. ನಾವು "ಹುಡುಗ ಖುಲ್ಲಾ ಐದಾನ, ಮುಚ್ಚುಮರಿ ಇಲ್ಲ" ಅಂತ ಖುಷಿಯಾದ್ವಿ. ಅವ್ರು ಎರಡ ದಿನ ಬಿಟ್ಟು "ಹುಡುಗಿಗೆ ರೋಗ ಐತಿ" ಅಂತ ಬ್ಯಾಡ ಅಂದ್ರು. ಮುಂದ ಬಂದವ್ರ ಮುಂದ ಹೇಳಬ್ಯಾಡ ಅಂತ ಮಗಳಿಗೆ ಹೇಳಲೇನ್ರಿ?
(ಒಬ್ಬ ತಾಯಿ, ಹಾವೇರಿ ಜಿಲ್ಲಾ)

ಉತ್ತರ: ಬ್ಯಾಡ್ರಿ ಅಕ್ಕಾರ, ಮುಚ್ಚಿಡ್ರಿ ಅಂತ ಹೇಳಬ್ಯಾಡ್ರಿ. ಒಂದ ಕೋಲಿ, ಒಂದ ಹೊತ್ತು, ಇಬ್ರದೂ ದಿನಾ ನುಂಗೂ ಗುಳಿಗಿ, ಅಂವಂದು ಪ್ರಾಮಾಣಿಕತನ ಆತು, ಆಕೀದು ರೋಗ ಆತು. ತಪ್ಪು ಮಗಳ ಬಾಯ್ದಲ್ಲ. ಥೈರಾಯ್ಡ್ ಕಡಿಮಿ ಆಗೂದು ಹೆಣ್ಣಮಕ್ಕಳಾಗ ಭಾಳ ಕಾಮನ್, ಮುಂಜಾನೆ ಖಾಲಿ ಹೊಟ್ಟಿಲೆ ಒಂದ ಗುಳಿಗಿ ತಗೊಂಡು, ಆಗಾಗ ರಕ್ತ ಪರೀಕ್ಷೆ ಮಾಡಿಸ್ಕೊಂಡ್ರ ಹತೋಟ್ಯಾಗ ಇರ್ತೈತಿ, ಬಸಿರಾದಾಗ ಡಾಕ್ಟರಿಗೆ ಮೊದಲ ಹೇಳಿ ಡೋಸ್ ನೋಡ್ಕೊಬೇಕಷ್ಟ. ಮುಚ್ಚಿಟ್ಟು ಲಗ್ನ ಮಾಡಿದ್ರ ಗುಳಿಗಿ ಡಬ್ಬಿ ಸಿಕ್ಕ ದಿನ ಆಕಿ ಒಬ್ಬಾಕಿನ ಆ ಮನ್ಯಾಗ ಉತ್ತರ ಕೊಡಬೇಕಾಗ್ತೈತಿ, 1955ರ ಹಿಂದೂ ವಿವಾಹ ಕಾಯ್ದ್ಯಾಗ ಮುಖ್ಯ ವಿಷಯ ಮುಚ್ಚಿಟ್ಟು ಮೋಸ ಮಾಡ್ಯಾರ ಅಂತ ಕೋರ್ಟಿಗೆ ಹೋಗಾಕೂ ಆಸ್ಪದ ಐತಿ.

ಬದಲ ಮಾಡೂದಿದ್ರ ಹೊತ್ತು ಬದಲ ಮಾಡ್ರಿ. ಇರ್ವಿನ್ ಆಲ್ಟ್‌ಮನ್, ಡಾಲ್ಮಸ್ ಟೇಲರ್ 1973ರಾಗ ಬರದಾರ, ಪರಿಚಯ ಮ್ಯಾಲಿನ ಮಾತಿನಿಂದ ಸುರು ಆಗಿ ಸಾವಕಾಶ ಒಳಗ ಇಳಿತೈತಿ ಅಂತ. ಮೊದಲ ಭೆಟ್ಟ್ಯಾಗ ಉಪ್ಪಿಟ್ಟು ಚಾ ಆಗೂದ್ರೊಳಗ ಎಲ್ಲಾ ಬಿಚ್ಚಬೇಕಂತಿಲ್ಲ, ಎರಡನೇ ಸಲ ಭೆಟ್ಟಿ ಆಗೂಣು ಅಂದವ್ರ ಜೋಡಿ, ಎರಡೂ ಮನಿಯವ್ರು ಕುಂತಾಗ, ಅವ್ರದೂ ನಿಮ್ಮದೂ ಆರೋಗ್ಯದ ವಿಷಯ ಒಂದ ಹೊತ್ತಿನ್ಯಾಗ ಮಾತಾಡ್ರಿ. ಆ ಹುಡುಗನ್ನ ನೀವು ಖುಲ್ಲಾ ಐದಾನ ಅಂತ ಹೊಗಳಿದ್ರೆಲ್ಲ, ಅದ ಮಾತನ್ನ ಮಗಳಿಗೂ ಬಾಯಿಬಿಟ್ಟ ಹೇಳ್ರಿ, ಆಕಿನೂ ಅಷ್ಟ ಖುಲ್ಲಾ ಇದ್ಳು.

ಪ್ರಶ್ನೆ: ಮೇಡಮ್ಮಾರ, ನಾ ಹುಬ್ಬಳ್ಳಿಯೊಳಗ ಗ್ಯಾರೇಜ್ ಇಟ್ಟೀನಿ. ಮಗ ಪಿಯುಸಿ ಸೆಕೆಂಡ್ ಇಯರ್. ಮಾರಿ ತುಂಬ ಮೊಡವಿ ಆಗ್ಯಾವ, ಕಾಲೇಜಿನ್ಯಾಗ ಹುಡುಗ್ರು ಏನೋ ಅಡ್ಡಹೆಸರು ಇಟ್ಟಾರಂತ, ಅದನ್ನ ಹೇಳ್ಕೋತ ನನ್ನ ಮುಂದ ಅತ್ತ. ನನಗ ಏನ್ ಹೇಳಬೇಕು ತಿಳಿಲಿಲ್ಲ, ಎದ್ದು ಹೊರಗ ಹೋಗಿಬಿಟ್ಟೆ. ಮಗಳಾಗಿದ್ರ ಹತ್ರ ಕರಕೊಂತಿದ್ದೆ. ಈಗ ಅಂವ ನನ್ನ ಜೋಡಿ ಮಾತ ಬಿಟ್ಟಾನ.
(ಒಬ್ಬ ಅಪ್ಪ, ಹುಬ್ಬಳ್ಳಿ)

ಉತ್ತರ: ಅಣ್ಣಾರ, ನಿಮ್ಮ ಪತ್ರ ಓದಿ ನನಗ ನಿಮ್ಮ ಮ್ಯಾಲ ಗೌರವ ಬಂತು, ಇಷ್ಟ ಸಾಫ್ ಬರಿಯೂ ಅಪ್ಪಂದಿರು ಕಡಿಮಿ. ಗಂಡಹುಡುಗ್ರಿಗೆ ಹೇಳ್ಕೊಳ್ಳೂ ಆಸೆ ಇಲ್ಲ ಅಂತ ತಿಳಿಬ್ಯಾಡ್ರಿ. 1992ರಾಗ ಕ್ಯಾಥರಿನ್ ಡಿಂಡಿಯಾ, ಮೈಕ್ ಆ್ಯಲನ್ ಅನ್ನೂವ್ರು 205 ಅಧ್ಯಯನ, ಒಟ್ಟ 23,702 ಮಂದಿ ಲೆಕ್ಕ ಕೂಡಿಸಿ ನೋಡಿದಾಗ, ಮನಸಿನ ಮಾತು ಹೇಳ್ಕೊಳ್ಳೂದರಾಗ ಹೆಣ್ಣಮಕ್ಕಳು ಜಾಸ್ತಿ ಹೌದು, ಆದ್ರ ವ್ಯತ್ಯಾಸ ಭಾಳ ಸಣ್ಣದು. ನಿಮ್ಮ ಮಗ ಕ್ಲಾಸಿನ್ಯಾಗಿನವ್ರ್ನ ಬಿಟ್ಟು, ಅವ್ವನ್ನ ಬಿಟ್ಟು ನಿಮ್ಮ ಮುಂದ ಬಂದು ಅತ್ತಾನ, ಅಂದ್ರ ನಿಮ್ಮನ್ನ ನಂಬ್ಯಾನ.

ಎದುರಾಬದುರ ಕುಂದ್ರಿಸಿ ಕೇಳಬ್ಯಾಡ್ರಿ, ಅಂವ ಇನ್ನ ಮಾರಿ ಮುಚ್ಕೋತಾನ. ಐತವಾರ ಗ್ಯಾರೇಜಿಗೆ ಕರಕೊಂಡ ಹೋಗ್ರಿ, ಇಬ್ರೂ ಒಂದ ಗಾಡಿ ಮ್ಯಾಲ ಬಗ್ಗಿದಾಗ, ಪಾನಾ ಅವನ ಕೈಯಾಗ ಇದ್ದಾಗ ನೀವ ಸುರು ಮಾಡ್ರಿ, "ಅವತ್ತ ನೀ ಅತ್ತಾಗ ನಾ ಎದ್ದು ಹೋದೆ, ನಿನ್ನ ಮ್ಯಾಲ ಸಿಟ್ಟಲ್ಲ, ನೋಡಾಕ ಆಗ್ಲಿಲ್ಲ. ಏನಂತಾರ ಅವ್ರು, ಹೇಳು" ಅಂತ. ಹೇಳಿದ ಮ್ಯಾಲ "ಗಂಡಸ ಮಗ ರೂಪದ ಚಿಂತಿ ಯಾಕ" ಅನ್ನಬ್ಯಾಡ್ರಿ, ಹದಿನೇಳು ವರ್ಷದಾಂವಗ ಮಾರಿ ಮ್ಯಾಲಿನ ಮೊಡವಿ ಸಣ್ಣ ವಿಷಯ ಅಲ್ಲ. ಹೆಸರಿಟ್ಟು ಕರಿಯೂದು ಹೊಡದಾಟಕ್ಕ, ಹೆದರಿಕಿಗೆ ಬಂದೈತಿ ಅನ್ನಿಸಿದ್ರ ಅವನ್ನ ಕೇಳಿಕೊಂಡ ಪ್ರಿನ್ಸಿಪಾಲರಿಗೆ ಭೆಟ್ಟಿ ಆಗ್ರಿ, ಕೇಳದ ಹೋಗಬ್ಯಾಡ್ರಿ. ಮೊಡವಿಗೆ ಹುಬ್ಬಳ್ಳಿ ಕಿಮ್ಸ್ ದವಾಖಾನಿ (ಈಗ ಕೆಎಂಸಿಆರ್‌ಐ) ಚರ್ಮರೋಗ ವಿಭಾಗಕ್ಕ ನೀವ ಜೋಡಿ ಹೋಗಿ ತೋರಿಸ್ರಿ, ವಾಸಿ ಆಗಾಕ ತಿಂಗಳುಗಟ್ಟಲೆ ಹಿಡಿತೈತಿ ಅಂತ ಮೊದಲ ಅವಂಗ ಹೇಳಿಡ್ರಿ, ಮತ್ತ ಔಷಧಿ ಅಂಗಡ್ಯಾಗ ಕೇಳಿ ಸ್ಟೀರಾಯ್ಡ್ ಇರೂ ಬೆಳ್ಳಗಾಗೂ ಕ್ರೀಮ್ ತಂದ ಹಚ್ಚಿಸಬ್ಯಾಡ್ರಿ, ಅದರಿಂದ ಮೊಡವಿ ಇನ್ನ ಜಾಸ್ತಿ ಆಗ್ತಾವ.